ಈಗಿನ ಡಿಕ್ಷನರಿಯಲ್ಲಿ ಆ ಅರ್ಥ ಇಲ್ಲ

ಅವರು ಸ್ಕೂಲ್ ಅನ್ನುತ್ತಿರಲಿಲ್ಲ, ಇಸ್ಕೂಲ್ ಅನ್ನುತ್ತಿದ್ದರು. ಸ್ಟೇಷನ್ ಅವರ ಬಾಯಲ್ಲಿ ಇಸ್ಟೇಷನ್, ಸ್ಪೆಲ್ಲಿಂಗ್ ಇಸ್ಪೆಲ್ಲಿಂಗ್. ಔರಾದಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿದವರು. ಹಿಂದಿನ ಬೆಂಚಿನ ಹುಡುಗರು ‘ಇಸ್ಟ್ಯಾಂಡಪ್’ ಎಂದು ಅಣಕಿಸಿದರೆ ಅವರೂ ನಕ್ಕುಬಿಡುತ್ತಿದ್ದರು.

“ನಮ್ಮ ನಾಲಿಗಿಗಿ ಒಂದು ಪಾವಟಿಗಿ ಬೇಕಾಗ್ತದಪ್ಪ. ಮುಂದ ಒಂದು ‘ಇ’ ಇಟ್ಟು, ಅದರ ಮ್ಯಾಲ ಕಾಲಿಟ್ಟು, ಆಮ್ಯಾಲ ಒಳಗ ಹೋಗ್ತೇವಿ. ನೀವು ಹರೇದವರು, ಹಾರಿ ಹೋಗ್ರಿ.”

ಸ್ಪ್ಯಾನಿಷ್ ಮಾತಾಡುವವರ ನಾಲಿಗೆಗೂ ಇಂಥದೇ ಮೆಟ್ಟಿಲು ಬೇಕು, ಅವರ ಭಾಷೆಯಲ್ಲಿ ಶಾಲೆ ಎಂಬ ಶಬ್ದವೇ ಮುಂದೊಂದು ‘ಎ’ ಹಚ್ಚಿಕೊಂಡು ನಿಂತಿದೆ ಎಂದು ನಾನು ಎಂ.ಎ. ಮಾಡುವಾಗ ಓದಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅವರ ಇಸ್ಕೂಲನ್ನು ಎತ್ತಿಕೊಂಡು ನಕ್ಕಾಗ ಅದನ್ನು ಹೇಳಬಹುದಾಗಿತ್ತು. ಹೇಳಲಿಲ್ಲ. ಹಲ್ಲು ಕಾಣದ ಹಾಗೆ ನಾನೂ ಸ್ವಲ್ಪ ನಕ್ಕೆ.

ಅವರು ತೀರಿಕೊಂಡ ಸುದ್ದಿ ಹೋದ ತಿಂಗಳು ಆ ಶಾಲೆಯ ಹಳೆಯ ವಾಟ್ಸಾಪ್ ಗುಂಪಿನಲ್ಲಿ ಬಂತು. ನಾನೀಗ ಭಾಲ್ಕಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಎರಡು ಪೀರಿಯಡ್‌ಗಳ ನಡುವೆ ಫೋನು ತೆರೆದಾಗ ಕೈಮುಗಿದ ಚಿತ್ರಗಳು ಒಂದರ ಕೆಳಗೆ ಒಂದು ಬೀಳುತ್ತಿದ್ದವು. ನಾನೂ ಒಂದನ್ನು ಒತ್ತಲು ಹೋಗಿ ಬೆರಳು ಹಿಂದೆ ತೆಗೆದೆ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಮ್ಮೆ ನನ್ನ ಹೆಸರು ಹೇಳಬೇಕಾದ ಜಾಗದಲ್ಲಿ ಅವರು ಹೇಳದೆ ಉಳಿದರು. ಅವರ ಹೆಸರು ಬರೆದು ಅದರ ಪಕ್ಕದಲ್ಲಿ ನಾನು ನಿಂತುಕೊಳ್ಳುವುದು ಸರಿಯಲ್ಲ ಅನಿಸುತ್ತದೆ.

ಆ ಶಾಲೆಗೆ ನಾನು ಸೇರಿದ್ದು ತಾತ್ಕಾಲಿಕ ಶಿಕ್ಷಕಿಯಾಗಿ, ಎಂ.ಎ. ಮತ್ತು ಬಿ.ಎಡ್. ಮುಗಿದ ಹೊಸತರಲ್ಲಿ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಆರ್ಡರ್ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆ ಬೀದರಿನ ಅಂಚಿನ ನೌಬಾದದಲ್ಲಿ. ಬೆಳಿಗ್ಗೆ ಶೇರ್ ಆಟೋ ಹಿಡಿದು ಬೀದರ ಬಸ್ ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಔರಾದಿನ ಬಸ್ಸು ಹತ್ತಬೇಕು. ಅವರು ಬೀದರಿನ ಹಳೇ ಊರಿನವರು, ನನಗಿಂತ ಮೊದಲೇ ಬಂದು ಕೂತಿರುತ್ತಿದ್ದರು. ಬೂದಿ ಬಣ್ಣದ ಸ್ವೆಟರ್, ಕರಿ ಟೋಪಿ, ಇಸ್ತ್ರಿ ಮಾಡಿದ ಪ್ಯಾಂಟು. ಪಕ್ಕದ ಸೀಟಿನ ಮೇಲೆ ತಮ್ಮ ಬಟ್ಟೆಯ ಚೀಲ ಇಟ್ಟು ನನಗಾಗಿ ಜಾಗ ಹಿಡಿಯುತ್ತಿದ್ದರು. ಕಿಟಕಿಯ ಕಡೆಯ ಸೀಟು ಯಾವಾಗಲೂ ನನಗೇ.

“ನೀವು ಹೊರಗ ನೋಡ್ರಿ ಮೇಡಂ. ನಾ ಈ ರೋಡ್ ಓದಿ ಮುಗಿಸೇನಿ.”

ನನಗೆ ಹೆಚ್ಚು ಮಾತು ಬರುವುದಿಲ್ಲ. ಅವರಿಗೆ ಅದು ಅಡ್ಡಿಯಾಗಲಿಲ್ಲ. ಕಂಡಕ್ಟರು, ಹಿಂದಿನ ಸೀಟಿನ ಮುದುಕಿ, ಸಂತೆಗೆ ಹೊರಟವರು, ಎಲ್ಲರೊಂದಿಗೂ ಮಾತಾಡುತ್ತ ನಡುನಡುವೆ ನನಗೊಂದು ಮಾತು ಹಾಕುತ್ತಿದ್ದರು. ಉತ್ತರ ಬಂದರೆ ಸಂತೋಷ, ಬರದಿದ್ದರೆ ಬೇಜಾರಿಲ್ಲ.

ಅವರು ಇಂಗ್ಲಿಷ್ ಕಲಿತದ್ದು ಶಾಲೆಯಲ್ಲಿ ಅಲ್ಲ, ಬೀದರಿನ ಧಾನ್ಯದ ಪೇಟೆಯಾದ ಗಾಂಧಿ ಗಂಜಿನಲ್ಲಿ. ಹುಡುಗನಾಗಿದ್ದಾಗ ಬೇಳೆಯ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೂತು, ಹೊರಗಿನಿಂದ ಬರುವ ಟೆಲಿಗ್ರಾಂಗಳನ್ನು ಓದಿ ಹೇಳುವ ಕೆಲಸ ಅವರದಾಗಿತ್ತು. ಒಂದು ದಿನ ಹೈದರಾಬಾದಿನಿಂದ ‘ಹೋಲ್ಡ್’ ಎಂಬ ಒಂದೇ ಶಬ್ದದ ಟೆಲಿಗ್ರಾಂ ಬಂತಂತೆ. ಇವರು ‘ಹಿಡಿ’ ಎಂದು ಓದಿ ಹೇಳಿದರು. ಗಂಜಿನಲ್ಲಿ ಮಾಲು ಹಿಡಿ ಎಂದರೆ ಮಾಲು ಕೊಳ್ಳು ಎಂದರ್ಥ. ಸದ್ಯ ಕೊಳ್ಳಬೇಡ, ತಡೆ ಎಂದು ಬಂದ ಮಾತಿಗೆ ಸೇಠರು ಒಂದು ಲಾರಿ ತೊಗರಿ ಕೊಂಡು ಕೂತರು.

“ಹಮಾಲರು ಚೀಲ ಇಳಿಸ್ಲಿಕ್ಕ ಹತ್ಯಾರ, ಸೇಠ್ ತಲಿ ಮ್ಯಾಲ ಕೈ ಹೊತ್ಕೊಂಡು ನಿಂತಾನ. ನಾ ಹಿತ್ತಲ ಬಾಗಲ್ದಿಂದ ಓಡ್ಲಿಕ್ಕ ತಯಾರ್” ಎಂದು ಹೇಳುವಾಗ ಬಸ್ಸಿನಲ್ಲೇ ಎದ್ದು ಓಡುವವರ ಹಾಗೆ ಮೊಣಕಾಲು ಎತ್ತಿದರು. “ಮರುದಿನ ಸೇಠ್ ಕರೆದ. ಹೊಡಿತಾನ ಅಂತ ಹೋದೆ. ಒಂದು ದೊಡ್ಡ ಡಿಕ್ಷನರಿ ಕೈಯಾಗ ಇಟ್ಟ. ‘ತಮ್ಮಾ, ಒಂದು ಶಬ್ದಕ್ಕ ಒಂದೇ ಅರ್ಥ ಅಂತ ನಿನಗ ಯಾರ ಹೇಳ್ಯಾರ?’ ಅಂದ. ಆವತ್ತಿಂದ ನಾ ಯಾವ ಶಬ್ದದ ಮನಿಗಿ ಹೋದ್ರೂ ಪಡಸಾಲ್ಯಾಗ ನಿಂದರಂಗಿಲ್ಲ ಮೇಡಂ, ಅಡಿಗಿ ಮನಿ ತನಕ ಹೋಗಿ ಬರ್ತೇನಿ.”

ತರಗತಿಯಲ್ಲೂ ಹಾಗೆಯೇ. ಹೊಸ ಶಬ್ದ ಬಂದರೆ ಬೋರ್ಡಿನ ನಡುವೆ ಬರೆದು ಕೇಳುತ್ತಿದ್ದರು: “ಇದು ಯಾವ ಊರಿಂದು? ಯಾವ ಬಸ್ ಹಿಡಿದು ಬಂತು?” ಇಂಗ್ಲಿಷ್ ಆಗಲಿ, ಕನ್ನಡ ಆಗಲಿ, ಉರ್ದು ಆಗಲಿ. ಒಮ್ಮೆ ಅವರ ತರಗತಿಯ ಹೊರಗೆ ಪುಸ್ತಕಗಳನ್ನು ಹಿಡಿದು ಕಾಯುತ್ತ ನಿಂತಿದ್ದಾಗ ‘ಗರೀಬ’ ಎಂಬ ಶಬ್ದದ ಪ್ರಯಾಣ ಕೇಳಿದೆ.

“ಅರಬಸ್ತಾನದಾಗ ಗರೀಬ ಅಂದ್ರ ಪರದೇಶಿ. ದಿಲ್ಲಿಗಿ ಬಂದು ಇಳಿಯೂದ್ರಾಗ ಬಡವ ಆದ. ಪಾಪ, ಪರದೇಶಿ ಕೈಯಾಗ ಏನಿರ್ತದ? ಅಲ್ಲಿಂದ ನಮ್ಮ ಬೀದರಿಗಿ ಬಂದ. ಇಲ್ಲಿ ಏನಂತೀರಿ? ‘ಆ ಆಕಳ ಭಾಳ ಗರೀಬ ಅದ’ ಅಂತೀರಿ. ಅಂದ್ರ ಬಡ ಆಕಳ ಏನು?”

“ಅಲ್ರಿ ಸರ, ಹಾಯಂಗಿಲ್ಲ” ಎಂದು ಯಾರೋ ಕೂಗಿದರು.

“ಶಾಬಾಸ್. ಹಾಯಂಗಿಲ್ಲ, ಒದಿಯಂಗಿಲ್ಲ, ಸಣ್ಣ ಹುಡುಗುರು ಬಾಲ ಹಿಡಿದ್ರೂ ಸುಮ್ಮನ ನಿಂದರ್ತದ. ನೋಡ್ರಿ, ಪರದೇಶಿ ಹೊಂಟಿದ್ದ, ನಮ್ಮೂರಿಗಿ ಬರೂದ್ರಾಗ ಸಾಧು ಆದ.”

ಪಾಠ ಮುಗಿದ ಮೇಲೆ ತಮ್ಮ ಚೀಲದಿಂದ ಒದ್ದೆ ಬಟ್ಟೆ ತೆಗೆದು ಬೋರ್ಡನ್ನು ಮೇಲಿನಿಂದ ಕೆಳಗೆ ಒರೆಸಿಯೇ ಹೊರಗೆ ಬರುತ್ತಿದ್ದರು. ಉತ್ತರ ಪತ್ರಿಕೆಗಳಲ್ಲಿ ತಪ್ಪಿಗೆ ಅಡ್ಡಗೆರೆ ಹೊಡೆಯುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ‘ಬಂದು ಕೇಳು’ ಎಂದು ಬರೆಯುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅವರ ಮುಂದೆ ಸಾಲು ನಿಂತಿರುತ್ತಿತ್ತು. ಅವರ ಡಬ್ಬಿಯ ರೊಟ್ಟಿ ಎಷ್ಟೋ ದಿನ ಹಾಗೇ ಮನೆಗೆ ವಾಪಸ್ ಹೋಗಿದೆ.

ನಾನು ಮಾತ್ರ ಉತ್ತರ ಪತ್ರಿಕೆಗಳನ್ನು ಬಸ್ಸಿನಲ್ಲೇ ತಿದ್ದುತ್ತಿದ್ದೆ. ಅಂಥ ಒಂದು ಬೆಳಿಗ್ಗೆ ಅವರು ನನ್ನ ತೊಡೆಯ ಮೇಲಿನ ಹಾಳೆಯತ್ತ ಬಗ್ಗಿ ನೋಡಿದರು. ‘ಸಿಲ್ಲಿ ಮಿಸ್ಟೇಕ್’ ಎಂದು ಬರೆದಿದ್ದೆ. ಒಂದಲ್ಲ, ಆ ಕಟ್ಟಿನಲ್ಲಿ ಏಳೆಂಟು ಕಡೆ.

“ಮೇಡಂ, ತಪ್ಪ ತಿಳಕೊಬ್ಯಾಡ್ರಿ. ಈ ಶಬ್ದ ಬೈಗಳಕ್ಕ ಹಚ್ಚಬಾರ್ದು. ನಾ ಸಣ್ಣವ ಇದ್ದಾಗ ಓದಿದ ಹಳೀ ರೀಡರ್‌ದಾಗ ಕುರಿಗಿ ಸಿಲ್ಲಿ ಅಂತ ಬರ್ದಿದ್ರು. ಹುಚ್ಚು ಕುರಿ ಅಂತಲ್ಲ. ಪಾಪದ್ದು, ಯಾರಿಗೂ ಏನೂ ಮಾಡ್ಲಾರದ್ದು ಅಂತ.”

ಅವರು ಹೇಳಿದ್ದು ಸರಿಯಾಗಿತ್ತು. ಯಾಕೋ ಆವತ್ತು ನನಗೆ ಮಾತು ಬಂತು. ಎಂ.ಎ.ಯಲ್ಲಿ ಭಾಷೆಯ ಚರಿತ್ರೆ ನನ್ನ ಇಷ್ಟದ ಪತ್ರಿಕೆಯಾಗಿತ್ತು. ಅದನ್ನು ಕೇಳುವವರು ನೌಬಾದದಲ್ಲೂ ಇರಲಿಲ್ಲ, ಔರಾದಿನಲ್ಲೂ ಇರಲಿಲ್ಲ.

“ಅದಕ್ಕಿಂತ ಹಿಂದಿನ ಅರ್ಥವೂ ಇದೆ ಸರ್” ಅಂದೆ. “ಸಾವಿರ ವರ್ಷದ ಹಿಂದೆ ಅದು ‘ಸೇಲಿ’ ಎನ್ನುವ ಹಾಗೆ ಕೇಳಿಸುತ್ತಿತ್ತಂತೆ. ಆಗ ಅದಕ್ಕೆ ಸುಖಿ, ದೇವರ ದಯೆ ಇರುವವನು ಎಂದು ಅರ್ಥ. ಜರ್ಮನ್ ಭಾಷೆಯಲ್ಲಿ ಅದರ ನೆಂಟ ಶಬ್ದ ಇವತ್ತಿಗೂ ಆ ಅರ್ಥದಲ್ಲೇ ಇದೆ. ದೇವರ ದಯೆ ಇರುವವನು ಅಂದರೆ ಕಪಟ ಇಲ್ಲದವನು. ಕಪಟ ಇಲ್ಲದವನು ಅಂದರೆ ನಿರುಪದ್ರವಿ. ನಿರುಪದ್ರವಿಯನ್ನು ಕಂಡರೆ ಜನಕ್ಕೆ ಅಯ್ಯೋ ಪಾಪ ಅನಿಸುತ್ತದೆ. ಅಯ್ಯೋ ಪಾಪ ಅನಿಸಿಕೊಂಡವನು ದುರ್ಬಲ ಆದ, ದುರ್ಬಲ ದಡ್ಡ ಆದ. ಹಾಗೆ ಇಳಿಯುತ್ತ ಬಂದಿದೆ.”

ಅವರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಅಂದ್ರ ಶಬ್ದ ಕೆಟ್ಟಿಲ್ಲ ಮೇಡಂ, ನೋಡೋರ ಕಣ್ಣು ಕೆಟ್ಟಾವ” ಅಂದರು. ಸ್ವಲ್ಪ ದೂರ ಹೋದ ಮೇಲೆ ತಾವೇ ನಗತೊಡಗಿದರು. “ಸೇಲಿ, ಸಾಲಿ! ನಿಮ್ಮ ಬಳಿ ಸಾಲಿ ಅಂದ್ರ ಇಸ್ಕೂಲ್. ನಮ್ಮ ಬಳಿ ಸಾಲಿ ಅಂದ್ರ ಹೆಂಡ್ತಿ ತಂಗಿ. ಆಕೀಗಿ ದೇವರ ದಯಾ ಅದ ಅಂತ ಮನ್ಯಾಗ ಹೇಳಿದ್ರ ಇವತ್ತ ನನಗ ಬಿರಿಯಾನಿ ಸಿಗ್ತದ.”

ಆ ವಾರವೆಲ್ಲ ಅವರು ಹೊಸ ಅಂಗಿ ಹಾಕಿಕೊಂಡ ಮಗುವಿನಂತೆ ಆ ಶಬ್ದವನ್ನು ಎಲ್ಲರಿಗೂ ತೋರಿಸಿದರು. ಹತ್ತನೇ ತರಗತಿಗೆ ಒಂದು ಪೂರ್ತಿ ಪೀರಿಯಡ್ ಅದನ್ನೇ ಹೇಳಿದರು. ಬಿಡುವಿನಲ್ಲಿ ಹುಡುಗರು ಒಬ್ಬರನ್ನೊಬ್ಬರು ಸಿಲ್ಲಿ ಎಂದು ಕರೆದು ಆಶೀರ್ವಾದ ಮಾಡುವುದನ್ನು ನಾನು ನೋಡಿದೆ. ನನ್ನಿಂದ ಹೊರಟ ಮಾತು ಅಷ್ಟು ದೂರ ಹೋಗುವುದು ಕಂಡು ಒಳಗೊಳಗೇ ಹೆಮ್ಮೆಯಾಯಿತು. ಆದರೆ ಇದನ್ನು ಹೇಳಿದ್ದು ನಾನು ಎಂದು ಯಾರಿಗೂ ಹೇಳಿಕೊಳ್ಳಲಿಲ್ಲ. ಅವರೂ ಹೇಳಲಿಲ್ಲ. ನನಗೆ ನಾಲ್ಕು ಜನರ ಬಾಯಿಗೆ ಬೀಳುವುದು ಇಷ್ಟವಿಲ್ಲ ಎಂದು ಅವರಿಗೆ ಗೊತ್ತಿತ್ತು.

ಹತ್ತನೇ ತರಗತಿಯಲ್ಲಿ ಎಕಂಬಾದಿಂದ ಬರುವ ಒಬ್ಬ ಹುಡುಗಿ ಇದ್ದಳು. ಕುರಿ ಸಾಕುವ ಮನೆಯವಳು, ಹೆಚ್ಚು ಮಾತಿಲ್ಲ. ‘ನಿಮ್ಮ ಮನೆಯ ಪ್ರಾಣಿ’ ಎಂದು ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆಯಲು ಕೊಟ್ಟಾಗ ಅವಳು ಒಂದೂವರೆ ಪುಟ ಬರೆದಳು. ಹುಟ್ಟುವಾಗಲೇ ಕಾಲು ಸೊಟ್ಟ ಇದ್ದ ಒಂದು ಮರಿಯ ಬಗ್ಗೆ. ‘ಅದು ನಾಯಿ ಬಂದರೂ ಓಡುವುದಿಲ್ಲ, ನಾಯಿಯ ಹತ್ತಿರ ಹೋಗಿ ಮೂಸುತ್ತದೆ. ನನ್ನ ಹಿಂದೆ ಬಸ್ಸಿನ ತನಕ ಬರುತ್ತದೆ. ನಾನು ಹೊಲದಲ್ಲಿ ಸುಮ್ಮನೆ ಕೂತರೆ ಅದೂ ಕೂಡುತ್ತದೆ.’ ವ್ಯಾಕರಣದ ತಪ್ಪುಗಳಿದ್ದವು. ಅವರು ಅದನ್ನು ಸ್ಟಾಫ್ ರೂಮಿನಲ್ಲಿ ಎರಡು ಸಲ ಓದಿ ನನಗೂ ತೋರಿಸಿದರು. ಕೆಳಗೆ ಕೆಂಪು ಶಾಯಿಯಲ್ಲಿ ಬರೆದರು: ‘ಸಿಲ್ಲಿ ಲ್ಯಾಂಬ್, ಸಿಲ್ಲಿ ಗರ್ಲ್. ಗಾಡ್ ಕೀಪ್ ದೆಮ್ ಸೋ.’ ಇಬ್ಬರನ್ನೂ ದೇವರು ಹೀಗೇ ಇಟ್ಟಿರಲಿ, ಎಂದು.

ಅವರು ಬರೆಯುವುದನ್ನು ನಾನು ನೋಡುತ್ತ ಕೂತಿದ್ದೆ. ಬೇಡ ಸರ್, ಬೇರೆಯವರಿಗೆ ತಿಳಿಯುವುದಿಲ್ಲ ಎಂದು ಆಗಲೇ ಹೇಳಬಹುದಿತ್ತು. ಚೆನ್ನಾಗಿದೆ ಅನಿಸಿತು, ಸುಮ್ಮನಾದೆ.

ಮೂರನೇ ದಿನ ಆ ಹುಡುಗಿಯ ಅಣ್ಣ ಬಂದ. ಬೀದರಿನಲ್ಲಿ ಡಿಪ್ಲೊಮಾ ಓದುತ್ತಿದ್ದವನು. ಜೊತೆಯಲ್ಲಿ ತಂದೆ, ಹೆಗಲ ಮೇಲೆ ಕಂಬಳಿ. ಅಣ್ಣನ ಕೈಯಲ್ಲಿ ತಂಗಿಯ ನೋಟ್‌ಬುಕ್ಕು, ಇನ್ನೊಂದು ಕೈಯಲ್ಲಿ ಮೊಬೈಲು. ಹೆಡ್‌ಮಾಸ್ತರ ಕೋಣೆಗೆ ಆ ಸಾಲು ಬರೆದ ಅವರನ್ನೂ ಕರೆಸಿದರು, ನನ್ನನ್ನೂ ಕರೆಸಿದರು. ಹುಡುಗಿ ಒಳಗೆ ಬರಲಿಲ್ಲ, ಬಾಗಿಲ ಹೊರಗೆ ಗೋಡೆಗೆ ಅಂಟಿ ನಿಂತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ಅದು ಅವರ ಸರ್ವಿಸಿನ ಕೊನೆಯ ವರ್ಷ. ಆಡಳಿತ ಮಂಡಳಿಯವರಿಗೆ ಹತ್ತನೇ ತರಗತಿಯನ್ನು ಅವರಿಂದ ತೆಗೆಯುವ ಮನಸ್ಸು ಮೊದಲಿನಿಂದ ಇತ್ತು. ಪರೀಕ್ಷೆಗೆ ಬೇಕಾದದ್ದು ಕಲಿಸುವುದಿಲ್ಲ, ಕಥೆ ಹೇಳುತ್ತಾರೆ ಎಂದು ದೂರು. ಅವರಿಗೆ ಅದು ಗೊತ್ತಿತ್ತು. “ಈ ಒಂದ ಬ್ಯಾಚ್ ದಾಟಿಸಿ ಹೋಗ್ತೇನಿ ಮೇಡಂ, ಬ್ಯಾರೇನೂ ಬ್ಯಾಡ ನನಗ” ಎಂದು ಬಸ್ಸಿನಲ್ಲಿ ಎಷ್ಟೋ ಸಲ ಅಂದಿದ್ದರು. ಆ ಮಕ್ಕಳನ್ನು ಅವರು ಎಂಟನೇ ತರಗತಿಯಿಂದ ಕೈಹಿಡಿದು ತಂದಿದ್ದರು. ಮತ್ತು ಆ ತರಗತಿ ಅವರ ಕೈಬಿಟ್ಟರೆ ಬರುವುದು ನನಗೆ ಎಂದು ಹೆಡ್‌ಮಾಸ್ತರು ನನ್ನ ಕಿವಿಗೆ ಆಗಲೇ ಹಾಕಿದ್ದರು.

ಅಣ್ಣ ಮೊಬೈಲನ್ನು ಮೇಜಿನ ಮೇಲಿಟ್ಟ. “ನೋಡ್ರಿ ಸರ. ಮೂರ್ಖ ಅಂತ ಬಂದದ. ಹೆಣ್ಣ ಹುಡುಗಿಗಿ ಹಿಂಗ ಬರೀತಾರೇನ್ರಿ? ಕುರಿ ಕಾಯೋರ ಮನಿದು ಅಂತ ಏನ್ ಬೇಕಾದ್ ಬರೀಬಹುದೇನು? ಕುರಿ ಜೋಡಿ ಆಕಿಗೂ ಸೇರಿಸಿ ಬರ್ದಾರ.”

ಅವರು ಅಣ್ಣನ ಕಡೆ ತಿರುಗಲಿಲ್ಲ. ತಂದೆಯ ಪಕ್ಕ ಹೋಗಿ, ಅದೇ ಬೆಂಚಿನ ತುದಿಯಲ್ಲಿ ಕೂತರು.

“ಯಜಮಾನ್ರ, ನಿಮ್ಮ ಹಿಂಡಿನ್ಯಾಗ ಒಂದು ಮರಿ ಇರ್ತದಲ್ರಿ, ಯಾರ ಕರೆದ್ರೂ ಹೋಗ್ತದ, ಯಾರಿಗೂ ಅಂಜಂಗಿಲ್ಲ, ಯಾರಿಗೂ ಹಾಯಂಗಿಲ್ಲ. ಅದಕ್ಕ ನೀವು ಏನಂತೀರಿ?”

“ಗರೀಬ ಮರಿ ಅಂತೇವ್ರಿ.”

“ಅದೇ ಬರ್ದೇನಿ ನೋಡ್ರಿ. ಇಂಗ್ಲಿಷ್‌ದಾಗ ಈ ಶಬ್ದಕ್ಕ ಮೊದಲ ಅದೇ ಅರ್ಥ ಇತ್ತು. ಅದಕ್ಕೂ ಮೊದಲ ದೇವರ ದಯಾ ಇದ್ದವರಿಗಿ ಹಂಗ ಅಂತಿದ್ರು. ನಿಮ್ಮ ಮಗಳು ಭಾಳ ಛಂದ ಬರ್ದಾಳ. ಖುಷ್ ಆಗಿ ಬರ್ದೇನಿ.”

ತಂದೆಯ ಮುಖ ಸಡಿಲಾಯಿತು. ಬಾಗಿಲ ಕಡೆ ನೋಡಿದರು. “ಖರೇ ಅದರಿ ಸರ. ನನ್ನ ಮಗಳು ಗರೀಬ ಅದಾಳ. ಮೂರ್ ಮಂದ್ಯಾಗ ಬಾಯಿ ಬಿಡಂಗಿಲ್ಲ.”

“ಅಪ್ಪಾ, ನೀ ಸುಮ್ಮಕ ಕೂಡು” ಎಂದ ಅಣ್ಣ. “ಇವರು ಕ್ಲಾಸಿನ್ಯಾಗೂ ಇದೇ ಕಥಿ ಹೇಳ್ಯಾರಂತ, ಮೊಬೈಲಿನ್ಯಾಗ ಎಲ್ಲೂ ಇಲ್ಲ.”

ಆಗ ಹೆಡ್‌ಮಾಸ್ತರು ನನ್ನ ಕಡೆ ತಿರುಗಿದರು. “ಮೇಡಂ, ನೀವು ಎಂ.ಎ. ಇಂಗ್ಲಿಷ್ ಮಾಡೀರಿ. ಯುನಿವರ್ಸಿಟಿ ಓದಿದವರು ನಮ್ಮಲ್ಲಿ ನೀವೊಬ್ಬರೇ. ಹೇಳ್ರಿ, ಸಿಲ್ಲಿ ಅನ್ನೋ ಶಬ್ದಕ್ಕ ದೇವರ ದಯಾ ಇದ್ದವರು ಅಂತ ಅರ್ಥ ಅದೇನು? ಹೌದಾ, ಇಲ್ಲಾ?”

ತಂದೆಯೂ ನನ್ನನ್ನೇ ನೋಡಿದರು. “ಹೇಳ್ರಿ ಅಕ್ಕೋರ. ನೀವು ಹೇಳಿದ್ರ ಮುಗೀತು.”

ಆ ಹೊತ್ತಿಗೆ ನನ್ನೊಳಗೆ ಏನೇನಿತ್ತು ಎಂದು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಮುಂದಿನ ಜೂನಿನ ಆರ್ಡರಿನ ಭಯ ಇತ್ತು. ಅದನ್ನು ಒಪ್ಪಿಕೊಳ್ಳುವುದು ಕಷ್ಟವಲ್ಲ, ಯಾರಿಗಾದರೂ ಇರುತ್ತದೆ. ಅದರ ಕೆಳಗೆ ಇನ್ನೊಂದು ಇತ್ತು. ಇಸ್ಕೂಲ್ ಅನ್ನುವ ಈ ಮನುಷ್ಯ, ಗಂಜಿನಲ್ಲಿ ಇಂಗ್ಲಿಷ್ ಕಲಿತವರು, ಅವರ ಕಥೆ, ಅವರ ಬಸ್ಸು, ಅವರ ಗರೀಬ. ಅವರು ಹೇಳಿದ್ದು ಸರಿ ಎಂದರೆ ನಾನೂ ಅವರ ಕಡೆಯವಳಾಗುತ್ತೇನೆ, ನನ್ನ ಎಂ.ಎ.ಯನ್ನು ನೋಡಿಯೂ ಆ ಹುಡುಗ ಮೊಬೈಲು ತೋರಿಸಿ ನಗುತ್ತಾನೆ. ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲವಳು ಎಂದು ಅವರೆಲ್ಲ ನನ್ನನ್ನು ನೋಡುತ್ತಿದ್ದರು. ಆ ನೋಟವನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

“ಈಗಿನ ಡಿಕ್ಷನರಿಯಲ್ಲಿ ಆ ಅರ್ಥ ಇಲ್ಲ ಸರ್” ಅಂದೆ.

ಒಂದೊಂದು ಶಬ್ದವೂ ನಿಜ. ‘ಈಗಿನ’ ಎಂಬ ಶಬ್ದವನ್ನು ನಾನು ಬೇಕೆಂದೇ ಇಟ್ಟೆ. ಅದರೊಳಗೆ ಅಡಗಿ ಕೂತರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದುಕೊಂಡೆ.

“ಅಂದ್ರ ಇಲ್ಲ” ಅಂದರು ಹೆಡ್‌ಮಾಸ್ತರು.

ಅಲ್ಲಿ ತಿದ್ದಬಹುದಿತ್ತು. ಈಗ ಇಲ್ಲ, ಮೊದಲು ಇತ್ತು. ಇನ್ನು ಎರಡು ಮಾತು ಸಾಕಿತ್ತು.

ಬೆಂಚಿನ ತುದಿಯಿಂದ ಅವರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಇವತ್ತು ಹಗುರವಾಗುತ್ತಿತ್ತು. ಚೆನ್ನಾಗಿ ಓದುವ ಹುಡುಗಿ ಬೋರ್ಡಿನ ಮುಂದೆ ನಿಂತು ಉತ್ತರ ಮರೆತಾಗ, ಅವಳಿಗೆ ನಾಚಿಕೆಯಾಗದಿರಲಿ ಎಂದು ಮಾಸ್ತರು ಬೇಗನೆ ಬೇರೆ ಕಡೆ ನೋಡುತ್ತಾರಲ್ಲ, ಹಾಗೆ ಮುಖ ತಿರುಗಿಸಿದರು. ಈ ಮೇಡಮ್ಮೇ ನನಗೆ ಬಸ್ಸಿನಲ್ಲಿ ಹೇಳಿದ್ದು ಎಂದು ಅವರು ಅನ್ನಲಿಲ್ಲ. ಅನ್ನುತ್ತಾರೆಂದು ನಾನು ಕಾಯುತ್ತಿದ್ದೆ. ಅಂದರೆ ಏನು ಹೇಳಬೇಕು ಎಂದೂ ಯೋಚಿಸಿಟ್ಟಿದ್ದೆ. ಅದು ಎಲ್ಲಕ್ಕಿಂತ ಹೆಚ್ಚು ನಾಚಿಕೆಯ ಮಾತು.

ತಂದೆ ಬೆಂಚಿನಿಂದ ಎದ್ದರು. ಕಂಬಳಿ ಸರಿಮಾಡಿಕೊಂಡರು. ಧ್ವನಿ ಏರಿಸಲಿಲ್ಲ.

“ನಾ ಓದ್ಲಾರದ ಮನುಷ್ಯ. ನನಗ ಹ್ಯಾಂಗ ಹೇಳಿದ್ರೂ ನಡೀತದ ಅಂತ ತಿಳಕೊಂಡ್ರೇನ್ರಿ ಸರ? ನಾ ನಿಮ್ಮ ಮಾತು ನಂಬಿದ್ನಲ್ರಿ.”

ಅವರೂ ಎದ್ದು ನಿಂತರು. “ತಪ್ಪು ನಂದೇ ಅದರಿ ಯಜಮಾನ್ರ. ಮಾಫ್ ಮಾಡ್ರಿ” ಅಂದರು. ಆಮೇಲೆ ಹೊರಗೆ ನಿಂತಿದ್ದ ಹುಡುಗಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗೆ, “ಬೇಟಾ, ನಿನ್ನ ಪಾಠ ಛಂದ ಅದ. ನನ್ನ ಇಸ್ಪೆಲ್ಲಿಂಗ್ ತಪ್ಪಿತು” ಅಂದರು. ಅಣ್ಣ ನಕ್ಕ. ಹೆಡ್‌ಮಾಸ್ತರೂ ನಕ್ಕರು. ನಾನು ಆವತ್ತು ನಗಲಿಲ್ಲ, ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಮುಂದಿನ ಸೋಮವಾರದಿಂದ ಹತ್ತನೇ ತರಗತಿಯ ಇಂಗ್ಲಿಷ್ ನನಗೆ ಬಂತು. ಅವರಿಗೆ ಎಂಟನೆಯದು, ಜೊತೆಗೆ ಲೈಬ್ರರಿಯ ಬೀರುವಿನ ಕೀಲಿಕೈ. ತರಗತಿ ಒಪ್ಪಿಸುವಾಗ ಮಕ್ಕಳ ಹೆಸರಿನ ಪಟ್ಟಿಯನ್ನು ತಂದು ಕೊಟ್ಟರು. ಪ್ರತಿ ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ ಏನಾದರೂ ಇತ್ತು. ಇವನಿಗೆ ಕಣ್ಣು ಮಂದ, ಮುಂದೆ ಕೂಡಿಸಿ. ಇವನು ಉಗ್ಗುತ್ತಾನೆ, ಓದಿಸಬೇಡಿ, ಬರೆಸಿ. ಇವಳ ತಾಯಿ ದವಾಖಾನೆಯಲ್ಲಿದ್ದಾಳೆ. ಎಕಂಬಾದ ಹುಡುಗಿಯ ಮುಂದೆ: ಕಾಯಿರಿ, ತಾನೇ ಹೇಳುತ್ತಾಳೆ.

ನಾನು ಕಾದೆ. ಆ ವರ್ಷ ಅವಳು ಕೇಳಿದಷ್ಟಕ್ಕೆ ಮಾತ್ರ ಉತ್ತರ ಬರೆದಳು. ಕೇಳಿದ್ದು ಐದು ಸಾಲು ಎಂದರೆ ಐದೇ ಸಾಲು. ತಪ್ಪುಗಳೂ ಕಡಿಮೆಯಾದವು. ಒಳ್ಳೆಯ ಅಂಕ ಬಂದವು.

ಹೆಡ್‌ಮಾಸ್ತರ ಕೋಣೆಯ ಆ ದಿನದ ಸಂಜೆಯಿಂದಲೇ ನಾನು ಬಸ್ಸು ಬದಲಿಸಿದ್ದೆ. ಸ್ಪೆಷಲ್ ಕ್ಲಾಸ್ ಇದೆ ಎಂದು ಹೇಳಿ ಒಂದು ತಾಸು ತಡವಾಗಿ ಹೊರಡುತ್ತಿದ್ದೆ. ಬೆಳಿಗ್ಗೆ ಒಂದು ಬಸ್ಸು ಮುಂಚೆ. ಒಂದು ಸಲ ಶಾಲೆಯ ಗೇಟಿನಲ್ಲಿ ಸಿಕ್ಕಿದಾಗ ಅವರು ಹೇಳಿದ್ದು ಇಷ್ಟೇ: “ಮೇಡಂ, ಆ ಬಸ್ಸಿಗಿ ಭಾಳ ರಶ್ ಇರ್ತದ. ನಿಂತು ಹೋಗ್ತೀರಿ. ಇದಕ್ಕ ಬರ್ರಿ, ನಾ ಮುಂದಿನ ಸೀಟಿನ್ಯಾಗ ಕೂಡ್ತೇನಿ.” ನಿಮ್ಮ ಪಕ್ಕ ಕೂಡುವುದಿಲ್ಲ, ನೀವು ಆರಾಮಾಗಿ ಬನ್ನಿ, ಎಂದು. ಆಗಲಿ ಸರ್ ಅಂದೆ. ಹೋಗಲಿಲ್ಲ.

ಅವರ ನಿವೃತ್ತಿಯ ದಿನ ಮಾತಾಡಲು ನನಗೇ ಹೇಳಿದರು, ಅದೇ ವಿಷಯದವಳೆಂದು. ನಾನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿ ಓದಿದೆ. ಸಮರ್ಪಣೆ, ಸರಳತೆ, ಆದರ್ಶ. ಯಾವ ಮಾಸ್ತರಿಗೂ ಓದಬಹುದಾದ ಒಂದು ಪುಟ. ಅವರು ಶಾಲು ಹೊದ್ದುಕೊಂಡು ಕೇಳಿಸಿಕೊಂಡರು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಕೆಳಗೆ ಇಳಿದಾಗ “ಒಂದೂ ತಪ್ಪಿಲ್ಲ ಮೇಡಂ” ಅಂದರು. ಅದರಲ್ಲಿ ಚುಚ್ಚು ಇತ್ತೇ ಎಂದು ಹುಡುಕಿದ್ದೇನೆ. ಇರಲಿಲ್ಲ.

ಹತ್ತನೇ ತರಗತಿಗೆ ಪಾಠ ಮಾಡಿದ ಅನುಭವದ ಪತ್ರ ಭಾಲ್ಕಿಯ ಕೆಲಸಕ್ಕೆ ಉಪಯೋಗವಾಯಿತು. ಸಂದರ್ಶನದಲ್ಲಿ ಅದರ ಮೇಲೆಯೇ ಎರಡು ಪ್ರಶ್ನೆ ಕೇಳಿದರು.

ಸುದ್ದಿ ಬಂದ ನಾಲ್ಕನೇ ದಿನ, ಭಾನುವಾರ, ಬೀದರಿಗೆ ಬಂದು ಅವರ ಮನೆ ಕೇಳಿಕೊಂಡು ಹೋದೆ. ಅಷ್ಟು ವರ್ಷ ಒಂದೇ ಊರಿನಲ್ಲಿದ್ದೂ ಆ ಗಲ್ಲಿಗೆ ಹೋದದ್ದು ಅದೇ ಮೊದಲು. ಅವರ ಹೆಂಡತಿ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನಾನು ಔರಾದಿನ ಶಾಲೆಯವಳು ಎಂದಾಗ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು. ನಾಲ್ಕೈದು ವರ್ಷದ ಮೊಮ್ಮಗಳೊಬ್ಬಳು ಬಂದು ಅವರ ಬೆನ್ನಿಗೆ ಜೋತುಬಿದ್ದಳು.

“ಈಕಿಗಿ ಅವರು ಏನಂತಿದ್ರು ಗೊತ್ತದೇನ್ರಿ? ಸಿಲ್ಲಿ, ಸಿಲ್ಲಿ ಅಂತ ಮನೀ ತುಂಬ ಕರೀತಿದ್ರು. ನನ್ನ ಸೊಸಿ ಜರಾ ಓದ್ಯಾಳ, ಆಕಿಗಿ ಸಿಟ್ಟು. ‘ಅಬ್ಬಾಜಾನ್, ಹುಡುಗಿಗಿ ಯಾಕ ಬೈತೀರಿ?’ ಅಂತ. ಇವರು, ‘ನಕ್ಕೋ ಬೇಟಾ, ಸಿಟ್ಟ ಬ್ಯಾಡ, ಬೈಗಳ ಅಲ್ಲ ಅದು, ದುವಾ ಅದ, ಆಶೀರ್ವಾದ’ ಅಂತಿದ್ರು. ಬಸ್ಸಿನ್ಯಾಗ ಯಾರೋ ಹೇಳಿದ್ರಂತ, ಭಾಳ ಓದಿದವರು. ಯಾರು ಅಂತ ಎಷ್ಟ ಕೇಳಿದ್ರೂ ಹೆಸರ ಹೇಳ್ಲಿಲ್ಲ. ‘ಒಬ್ರು’ ಅಂತಿದ್ರು, ಅಷ್ಟೇ.”

ನಾನು ಮಗುವನ್ನು ನೋಡುತ್ತಿದ್ದೆ.

“ಅದೇ ಶಬ್ದದ ಸಲುವಾಗಿ ಟೆಂತ್ ಕ್ಲಾಸ್ ಕಸಗೊಂಡ್ರಂತ ನನಗ ಆಮ್ಯಾಲ ಬ್ಯಾರೇಯವರಿಂದ ಗೊತ್ತಾಯ್ತು. ಇವರು ಮನ್ಯಾಗ ಹೇಳೇ ಇಲ್ಲ. ಕಡೀ ವರ್ಷ ದಿನಾ ಟೆಂತಿಗೇ ಹೋ‌ದಂಗ ತಯಾರಾಗಿ ಹೋಗ್ತಿದ್ರು. ನಂಗ ಒಂದೇ ಅನಸ್ತದ ನೋಡ್ರಿ, ಆ ಬಸ್ಸಿನವರು ಯಾರೋ, ಅವರಿಗಿ ಇದು ಮಾಲೂಮ್ ಇದ್ದಿದ್ರ ಬಂದು ಒಂದು ಮಾತು ಹೇಳ್ತಿದ್ರು. ಓದಿದವರ ಮಾತು ಯಾರರ ಕೇಳ್ತಿದ್ರು.”

“ಅಮ್ಮಾ” ಅಂದೆ. “ಬಸ್ಸಿನಲ್ಲಿ ಹೇಳಿದವಳು ನಾನು.”

ಅವರ ಮುಖ ಒಮ್ಮೆಲೇ ಅರಳಿತು. ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. “ನೀವಾ? ಯಾ ಅಲ್ಲಾ! ನೀವೇನಾ ಅವರು?” ಒಳಗಿದ್ದ ಸೊಸೆಯನ್ನು ಕೂಗಿ ಕರೆದರು. “ಇಲ್ಲಿ ಬಾ, ನೋಡು ಯಾರು ಬಂದಾರ!” ಆಮೇಲೆ ಮತ್ತೆ ನನ್ನ ಕಡೆ ತಿರುಗಿದರು. ಹುಬ್ಬು ಸ್ವಲ್ಪ ಕೂಡಿದವು. ಅನುಮಾನದಿಂದಲ್ಲ, ನನ್ನ ಪರವಾಗಿ ಒಂದು ಕಾರಣ ಹುಡುಕುವವರ ಹಾಗೆ ಕೇಳಿದರು:

“ಹಂಗಾದ್ರ ಆವತ್ತ ನೀವು ರಜಾದ ಮ್ಯಾಲ ಇದ್ರೇನು?”

ಸೊಸೆ ಬಾಗಿಲಲ್ಲಿ ಬಂದು ನಿಂತಿದ್ದಳು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಬೇರೆ ಉತ್ತರಗಳೂ ಇದ್ದವು, ಸುಳ್ಳಲ್ಲದ ಉತ್ತರಗಳು, ಒಂದೊಂದು ಶಬ್ದವೂ ನಿಜವಿರುವಂಥವು. ಅವು ಸಾಲಾಗಿ ನಾಲಿಗೆಯ ತನಕ ಬಂದವು.

“ಇಲ್ಲ” ಅಂದೆ. “ಅದೇ ಕೋಣೆಯಲ್ಲಿದ್ದೆ. ನನ್ನನ್ನೇ ಕೇಳಿದರು.”

ಅವರು ನನ್ನ ಕೈ ಬಿಡಲಿಲ್ಲ. ಹಿಡಿತ ಮಾತ್ರ ಸಡಿಲವಾಯಿತು. ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಕೇಳಿಸಿಕೊಳ್ಳಲು ಕಾಯುತ್ತಿದ್ದರು.